ಬಾಲ್ಕನಿಯ ಗಾಳಿ ಡಬ್ಬಿ

ನಮ್ಮ ಕಚೇರಿ ಇರುವುದು ಶೂ ಗೋದಾಮಿನ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ರಬ್ಬರು, ಅಂಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಮರೆತೇ ಹೋಗಿರುತ್ತದೆ. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡಾಗ ಮತ್ತೆ ನೆನಪಾಗುತ್ತದೆ.

ಕೆಳಗೆ ಪೆಟ್ಟಿಗೆ ಕಟ್ಟುವವರು, ಮೇಲೆ ಮಾರ್ಕೆಟಿಂಗಿನವರಾದ ನಾವು. ಗೋಡೆಗೆ ದೊಡ್ಡ ಟೀವಿಯೊಂದನ್ನು ತೂಗುಹಾಕಿದ್ದಾರೆ. ಅದರಲ್ಲಿ ಸದಾ ನಮ್ಮ ಡ್ಯಾಶ್‌ಬೋರ್ಡ್ ಓಡುತ್ತಿರುತ್ತದೆ: ಯಾವ ಬಡಾವಣೆಯ ಅಂಗಡಿಯಲ್ಲಿ ಎಷ್ಟು ಜೋಡಿ ಹೋಯಿತು, ಯಾವ ಜಾಹೀರಾತನ್ನು ಎಷ್ಟು ಜನ ಒತ್ತಿದರು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ತೋರಿಸುವ ಬಾಣ. ನಮ್ಮ ಮುಖ್ಯಸ್ಥೆ ಆ ಬಾಣವೊಂದನ್ನೇ ನೋಡುತ್ತಾರೆ. ಏನು ವಿವರಿಸಿದರೂ "ಅದೆಲ್ಲ ಇರ್ಲಿ, ಬಾಣ ಮೇಲಕ್ಕೋ ಕೆಳಕ್ಕೋ?" ಎನ್ನುತ್ತಾರೆ. ಹಾಗಾಗಿ ಬೆನ್ನ ಹಿಂದೆ ಅವರಿಗೆ ಬಾಣದ ಮೇಡಂ ಎಂದೇ ಹೆಸರು. ಜಾಹೀರಾತು ಹಾಕುವವನನ್ನು ರೇಡಿಯೊ ಎಂದು ಕರೆಯುತ್ತೇವೆ. ಆರಿಸಲು ಗುಂಡಿಯೇ ಇಲ್ಲದ ರೇಡಿಯೊ ಅದು. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಅವನು ನನಗೂ ಮೌನಿ ಎಂದು ಹೆಸರಿಟ್ಟ. ನನಗೆ ಬೇಸರವೇನೂ ಆಗಲಿಲ್ಲ. ಇದ್ದದ್ದನ್ನೇ ಹೇಳಿದ್ದ.

ಒಂದು ಸೋಮವಾರ ಮೇಡಂ ಟೀವಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಶನಿವಾರ ಇಷ್ಟೂ ಅಂಗಡೀಲಿ ಬಾಣ ಕೆಳಗೆ. ಯಾಕೆ?"

"ಮಳೆ ಬಂತಲ್ಲ ಮೇಡಂ," ಎಂದ ರೇಡಿಯೊ.

"ಮಳೆ ಬಂತು ಅಂತ ಇದರಲ್ಲಿ ಎಲ್ಲಿದೆ ತೋರಿಸು."

"ಮಳೆ ಕಿಟಕೀಲಿ ಕಾಣುತ್ತೆ ಮೇಡಂ, ಟೀವೀಲಿ ಎಲ್ಲಿಂದ ಬರಬೇಕು?"

"ಅದನ್ನೇ ನಾನು ಕೇಳ್ತಿರೋದು. ಬರೋ ಹಾಗೆ ಮಾಡೋಕಾಗಲ್ವಾ?" ಎಂದು ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಆಗುವುದಿಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕಿತ್ತು. ಆಗುತ್ತದೆ ಎನ್ನಲು ತಲೆಯೇ ಸಾಕು.

ಹಾಗೆ ಈ ಕೆಲಸ ನನ್ನ ಪಾಲಿಗೆ ಬಂತು. ಕೆಲಸ ಖಾಯಂ ಆಗುವುದೂ ಇದರ ಮೇಲೆಯೇ ನಿಂತಿದೆ ಎಂದು ಮೇಡಂ ಅಂದೇ ಹೇಳಿಬಿಟ್ಟರು.

ಹೊರಗಿನ ಮಾಹಿತಿಯನ್ನು ತರುವುದು ಅಂದುಕೊಂಡಷ್ಟು ಕಷ್ಟವಲ್ಲ. ಹವಾಮಾನದವರು, ರಜೆಗಳ ಲೆಕ್ಕ ಇಡುವವರು, ಗಾಳಿಯ ಕೊಳೆ ಅಳೆಯುವವರು ತಮ್ಮ ಮಾಹಿತಿಯನ್ನು ಯಾರು ಬೇಕಾದರೂ ಪಡೆಯಲಿ ಎಂದು ತೆರೆದಿಟ್ಟಿರುತ್ತಾರೆ. ಇದಕ್ಕೆ ಎಪಿಐ ಎನ್ನುತ್ತಾರೆ. ಅದು ಕೌಂಟರಿನ ಕಿಂಡಿ ಇದ್ದ ಹಾಗೆ. ಅವರು ಹೇಳಿದ ರೀತಿಯಲ್ಲಿ ಒಂದು ಸಾಲು ಬರೆದು ಕಳಿಸಿದರೆ ಆ ಬದಿಯ ಕಂಪ್ಯೂಟರು ಕೇಳಿದ್ದನ್ನು ತಂದು ಸುರಿಯುತ್ತದೆ. ಕೇಳಿದವರು ಯಾರು, ಮುಖ ಯಾಕೆ ಸಪ್ಪಗಿದೆ, ಸ್ವಲ್ಪ ಜೋರಾಗಿ ಮಾತಾಡಬಾರದೇ ಎಂದು ಅದು ವಿಚಾರಿಸುವುದಿಲ್ಲ. ತಪ್ಪು ಕೇಳಿದರೆ ತಪ್ಪು ಎನ್ನುತ್ತದೆ, ಅಷ್ಟೆ. ಮನುಷ್ಯರ ಹತ್ತಿರವೂ ಹೀಗೆಯೇ ಕೇಳುವ ಹಾಗಿದ್ದಿದ್ದರೆ ನಾನು ಎಷ್ಟೋ ವಿಷಯ ಕೇಳಿರುತ್ತಿದ್ದೆ.

ಹೀಗೆ ನಮ್ಮ ಟೀವಿಗೆ ಮಳೆ ಬಂತು, ಬಿಸಿಲು ಬಂತು, ರಜೆಗಳು ಬಂದವು. ಆಗ ರೇಡಿಯೊಗೆ ಒಂದು ಉಪಾಯ ಹೊಳೆಯಿತು. ನಾವು ಮಾರುವುದು ನಡಿಗೆಯ ಶೂ. ಗಾಳಿ ಚೆನ್ನಾಗಿದ್ದ ದಿನ ಜನಕ್ಕೆ ನಡೆಯುವ ಮನಸ್ಸಾಗುತ್ತದೆ. ಯಾವ ಬಡಾವಣೆಯಲ್ಲಿ ಗಾಳಿ ಶುದ್ಧವಾಗಿದೆಯೋ ಅಲ್ಲಿ ಜಾಹೀರಾತು ತಾನಾಗಿಯೇ ಹೆಚ್ಚಬೇಕು, ಕೆಟ್ಟಿದ್ದರೆ ತಾನಾಗಿಯೇ ನಿಲ್ಲಬೇಕು. ಮೇಡಂ ಕೂಡಲೇ ಒಪ್ಪಿದರು.

ಗಾಳಿಯ ಮಾಹಿತಿ ಎಲ್ಲಿ ಸಿಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಅದರಲ್ಲಿ ಒಂದು ಪಾಲು ನಮ್ಮ ಮನೆಯ ಬಾಲ್ಕನಿಯಿಂದಲೇ ಹೋಗುತ್ತಿತ್ತು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ದುಡಿದ ಕಾಲವನ್ನೆಲ್ಲ ಎತ್ತರದ ಕಟ್ಟಡಗಳ ಕತ್ತಲ ಗೂಡುಗಳಲ್ಲಿ ತಂತಿ, ಗಾಲಿಗಳ ನಡುವೆಯೇ ಕಳೆದವರು. ಹೋದ ವರ್ಷ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದರು. ರಕ್ತನಾಳ ಕಟ್ಟಿತ್ತು, ಒಳಗೆ ಸಣ್ಣ ಸ್ಪ್ರಿಂಗಿನಂಥದ್ದನ್ನು ಕೂರಿಸಿ ದಾರಿ ಬಿಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ನಮ್ಮೆಲ್ಲರ ಎದುರಿಗೆ, "ಇನ್ನೂ ಸಿಗರೇಟು ಸೇದ್ತಾ ಇದ್ರೆ ಇದೂ ಕಟ್ಟಿಕೊಳ್ಳುತ್ತೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ," ಎಂದರು. ಅಪ್ಪ ಅಮ್ಮನ ತಲೆಯ ಮೇಲೆ ಕೈಯಿಟ್ಟು ಬಿಟ್ಟೆ ಎಂದರು. ಅಮ್ಮ ಕೈ ಸರಿಸಿ, "ನನ್ನ ತಲೆ ಯಾಕೆ? ನಿಮ್ಮ ತಲೆ ಮೇಲೆ ಇಟ್ಕೊಳ್ಳಿ," ಎಂದಳು.

ಅಲ್ಲಿಂದೀಚೆಗೆ ಅಪ್ಪ ಮನೆಯಲ್ಲೇ ಇದ್ದಾರೆ. ಕೈ ಸುಮ್ಮನಿರದ ಮನುಷ್ಯ. ಮೊದಲು ಮಿಕ್ಸಿ ಬಿಚ್ಚಿದರು, ಆಮೇಲೆ ಅಮ್ಮನ ಹೊಲಿಗೆ ಯಂತ್ರಕ್ಕೆ ಕೈಯಿಟ್ಟು ಬೈಸಿಕೊಂಡರು. ಅಮ್ಮ ಪರದೆ ಹೊಲಿಯುತ್ತಾಳೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಒಂದು ಸಲ ಜನರ ಮನೆಗಳಿಗೆ ಅಳತೆಗೆ ಹೋಗುತ್ತಾಳೆ. ಉಳಿದ ಹೊತ್ತೆಲ್ಲ ಯಂತ್ರದ ಮುಂದೆ. ಅವಳ ಯಂತ್ರ ಅಪ್ಪನಿಂದ ಬಚಾವಾಗಲಿ ಎಂದು ನಾನೇ ಗಾಳಿ ಅಳೆಯುವ ಸೆನ್ಸರಿನ ಬಿಡಿಭಾಗಗಳನ್ನು ತರಿಸಿಕೊಟ್ಟೆ. ಅಪ್ಪ ಅವನ್ನು ಜೋಡಿಸಿ, ಊಟದ ಡಬ್ಬಿಯೊಂದಕ್ಕೆ ತೂತು ಕೊರೆದು ಒಳಗಿಟ್ಟು, ಬಾಲ್ಕನಿಯ ಮೂಲೆಯಲ್ಲಿ ಕಟ್ಟಿದರು. ಅಮ್ಮ ಅದನ್ನು ಗಾಳಿ ಡಬ್ಬಿ ಎನ್ನುತ್ತಾಳೆ. ಊರಿನಲ್ಲಿ ಹೀಗೆ ಸ್ವಂತ ಡಬ್ಬಿ ಇಟ್ಟುಕೊಂಡವರದು ಒಂದು ಗುಂಪಿದೆ. ಎಲ್ಲ ಡಬ್ಬಿಗಳ ಅಂಕಿಗಳೂ ಒಂದೇ ಕಡೆ ಸೇರಿ ಎಲ್ಲರಿಗೂ ಸಿಗುತ್ತವೆ. ಅಲ್ಲಿ ಅಪ್ಪನ ಹೆಸರು 'ಲಿಫ್ಟಣ್ಣ'.

ನಮ್ಮ ಬಡಾವಣೆಗೆ ಇದ್ದದ್ದು ಲಿಫ್ಟಣ್ಣನ ಡಬ್ಬಿ ಒಂದೇ. ಅದು ನಮ್ಮದೆಂದು ಕಚೇರಿಯಲ್ಲಿ ನಾನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಜಾಹೀರಾತು ಶುರುವಾಯಿತು. ಕೆಲವೇ ದಿನಗಳಲ್ಲಿ ಅದು ನಮ್ಮ ಬೀದಿಯವರ ಫೋನುಗಳಲ್ಲಿ ಹೊತ್ತು ಗೊತ್ತಿಲ್ಲದೆ ಕಾಣಿಸತೊಡಗಿತು. 'ಈಗ ನಿಮ್ಮ ಬಡಾವಣೆಯ ಗಾಳಿ ಊರಲ್ಲೇ ಅತಿ ಶುದ್ಧ. ಎದ್ದು ನಡೆಯಿರಿ!'

ನಮ್ಮ ಮನೆಯ ಎದುರಿಗೆ ಟೈಲ್ಸ್ ಕತ್ತರಿಸುವ ಅಂಗಡಿಯಿದೆ. ಅದರ ಪಕ್ಕದಲ್ಲಿ ಡೀಸೆಲ್ ಜನರೇಟರ್ ರಿಪೇರಿ. ಒಣಹಾಕಿದ ಬಟ್ಟೆಯನ್ನು ಅಮ್ಮ ಕೊಡವಿಯೇ ಒಳಗೆ ತರುತ್ತಾಳೆ.

"ಯಾವ ಪುಣ್ಯಾತ್ಮ ಬರೆದಿದ್ದಾನೋ ಇದನ್ನ!" ಎಂದು ಅಮ್ಮ ಊಟದ ಹೊತ್ತಿಗೆ ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ಒಂದು ದಿನ ಬಂದು ನಮ್ಮ ಕಿಟಕಿ ಸರಳು ಒರೆಸಲಿ. ಇದು ನಿಮ್ಮ ಕಂಪನಿದೇ ಅಲ್ವೇನೇ?"

"ಹೂಂ."

"ರೀ, ನಿಮ್ಮ ಡಬ್ಬಿ ಏನನ್ನುತ್ತೆ? ಗಾಳಿ ಅಷ್ಟು ಚೆನ್ನಾಗಿದೆಯಂತಾ?"

"ನೋಡ್ಬೇಕು," ಎಂದ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಕಚೇರಿಗೆ ಒಬ್ಬ ಗಿರಾಕಿಯ ಸಂದೇಶ ಬಂತು. ರೇಡಿಯೊ ಅದನ್ನು ನಾಟಕದ ದನಿಯಲ್ಲಿ ಓದಿದ: "'ನಾನು ಟೈಲ್ಸ್ ಅಂಗಡಿ ಪಕ್ಕದಲ್ಲಿರೋನು. ನೀವು ಹೇಳೋ ಶುದ್ಧ ಗಾಳೀನ ಬಂದು ಒಂದು ಚೀಲ ತುಂಬಿಕೊಂಡು ಹೋಗಿ.' ಮೇಡಂ, ಪಾಪ, ಚೀಲಾನೂ ಅವರೇ ಕೊಡ್ತಾರೇನೋ!"

ಮೇಡಂ ನಗಲಿಲ್ಲ. "ಸಂಜೆಯೊಳಗೆ ನೋಡಿ ಹೇಳಮ್ಮಾ," ಎಂದು ನನಗೆ ಹೇಳಿ ಹೋದರು.

ತಪ್ಪು ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಪ್ಪು ನನ್ನದೇ. ಡಬ್ಬಿ ಆರಿದ್ದಾಗ ಆ ಕಡೆಯಿಂದ ಅಂಕಿ ಬರುವುದಿಲ್ಲ, ಖಾಲಿ ಜಾಗ ಬರುತ್ತದೆ. ಅಂಗಡಿಯ ಮಾರಾಟದಲ್ಲಿ ಖಾಲಿ ಎಂದರೆ ಏನೂ ಹೋಗಿಲ್ಲ ಎಂದರ್ಥ; ಅದಕ್ಕೆ ಮೊದಲಿನಿಂದಲೂ ಖಾಲಿ ಇದ್ದಲ್ಲಿ ಸೊನ್ನೆ ಹಾಕುವುದು ನಮ್ಮ ಪದ್ಧತಿ. ಅದೇ ಸೂತ್ರವನ್ನು ನಾನು ಗಾಳಿಗೂ ಹಚ್ಚಿದ್ದೆ. ಗಾಳಿಯಲ್ಲಿ ಕೊಳೆ ಸೊನ್ನೆ ಎಂದರೆ ಅಷ್ಟು ಶುದ್ಧ ಗಾಳಿ ಭೂಮಿಯ ಮೇಲೆ ಎಲ್ಲಿಯೂ ಇರಲಾರದು. ಡಬ್ಬಿ ಆರಿದಾಗಲೆಲ್ಲ ನಮ್ಮ ಬಡಾವಣೆ ಟೀವಿಯಲ್ಲಿ ಹಚ್ಚ ಹಸಿರಾಗಿ ಮಿಂಚಿ, ಬೀದಿಯವರಿಗೆಲ್ಲ ಎದ್ದು ನಡೆಯಲು ಹೇಳುತ್ತಿತ್ತು.

ಸೂತ್ರ ಸರಿಮಾಡಿದೆ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಡಬ್ಬಿ ಆರುವುದಾದರೂ ಯಾಕೆ? ಕರೆಂಟು ಹೋಗಿದ್ದರೆ ಪಕ್ಕದ ಬಡಾವಣೆಯ ಡಬ್ಬಿಗಳೂ ಆರಬೇಕಿತ್ತು. ಹಿಂದಿನ ದಿನಗಳದ್ದನ್ನೆಲ್ಲ ಕೇಳಿ ತರಿಸಿದೆ. ಆರುತ್ತಿದ್ದದ್ದು ಸ್ವಲ್ಪ ಹೊತ್ತು ಮಾತ್ರ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಒಂದು ಸಲ. ಭಾನುವಾರ ಇಲ್ಲ. ಅಮ್ಮ ಭಾನುವಾರ ಅಳತೆಗೆ ಹೋಗುವುದಿಲ್ಲ. ಡಬ್ಬಿ ಮತ್ತೆ ಹತ್ತಿಕೊಂಡ ಕೂಡಲೇ ಅಂಕಿ ಮೇಲಿನಿಂದ ಶುರುವಾಗಿ, ನಿಧಾನವಾಗಿ ಇಳಿದು ಮಾಮೂಲಿಗೆ ಬರುತ್ತಿತ್ತು. ಹೊಗೆ ಚದುರುವಾಗ ಹಾಗೆಯೇ ಇಳಿಯುತ್ತದೆ.

ಅಪ್ಪ ಸಿಗರೇಟು ಬಿಟ್ಟಿಲ್ಲ. ಸೇದುವ ಮುಂಚೆ ಡಬ್ಬಿಯ ಪ್ಲಗ್ಗು ಕೀಳುತ್ತಾರೆ. ಸೇದಿ ಮುಗಿಸಿ, ಹೊಗೆ ಹೋಯಿತೆಂದು ಅನ್ನಿಸಿದ ಮೇಲೆ ಮತ್ತೆ ಹಾಕುತ್ತಾರೆ. ಅದು ನೋಡುತ್ತದೆ ಎಂದು ಅದರ ಕಣ್ಣು ಕಟ್ಟಿದ್ದರು, ಅಷ್ಟೆ.

ಸಂಜೆ ಮೇಡಂ ಬಂದು ಕುರ್ಚಿ ಎಳೆದುಕೊಂಡರು. ಖಾಲಿ ಜಾಗದ ವಿಷಯ ಹೇಳಿದೆ. ಅಂಥ ಕಡೆ ಇನ್ನು ಮುಂದೆ ಬೂದು ಬಣ್ಣ ಬರುತ್ತದೆ, ಜಾಹೀರಾತು ಹೋಗುವುದಿಲ್ಲ ಎಂದು ತೋರಿಸಿದೆ.

"ಸರಿ. ಆದ್ರೆ ಈ ಲಿಫ್ಟಣ್ಣ ಯಾರಪ್ಪಾ, ದಿನಾ ಮಿಷನ್ ಆರಿಸಿ ನಿದ್ದೆ ಮಾಡ್ತಾನಾ? ತೆಗೆದುಹಾಕು ಇದನ್ನ. ನಂಬೋಕಾಗದ ಡಬ್ಬಿ ನಮಗೆ ಬೇಡ."

ತೆಗೆದುಹಾಕಿದರೆ ಯಾರೂ ಆ ಡಬ್ಬಿಯ ಅಂಕಿಗಳ ಗೆರೆಯನ್ನು ಇನ್ನೊಮ್ಮೆ ನೋಡುತ್ತಿರಲಿಲ್ಲ. ನಾನೂ ನೋಡದೆ ಇರಬಹುದಿತ್ತು.

"ಬೇಡ ಮೇಡಂ," ಎಂದೆ.

ರೇಡಿಯೊ ಕುರ್ಚಿ ಸಮೇತ ತಿರುಗಿದ. "ಮೌನಿ ಮಾತಾಡಿದ್ರು! ಯಾರಾದ್ರೂ ರೆಕಾರ್ಡ್ ಮಾಡ್ಕೊಂಡ್ರಾ?"

"ಅದು ನಮ್ಮನೇದು. ನಮ್ಮಪ್ಪಂದು. ಸರಿ ಮಾಡಿಸ್ತೀನಿ."

"ನಿಮ್ಮಪ್ಪಂದಾ? ಮತ್ತೆ ಯಾಕೆ ಆರಿಸ್ತಾರೆ?"

"ಕೇಳ್ತೀನಿ ಮೇಡಂ."

ಮೇಡಂ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಏನು ಕಂಡಿತೋ, ಬಾಣದ ಮಾತೆತ್ತಲಿಲ್ಲ. "ಸೋಮವಾರ ನೋಡೋಣ," ಎಂದು ಎದ್ದು ಹೋದರು.

ಕೇಳುತ್ತೇನೆ ಎಂದದ್ದು ಸುಲಭವಾಗಿತ್ತು. ಅಪ್ಪನಿಗೂ ನನಗೂ ಮಾತು ಕಡಿಮೆ. ನಾವಿಬ್ಬರೇ ಮನೆಯಲ್ಲಿದ್ದರೆ ಗಡಿಯಾರದ ಸದ್ದು ಕೇಳಿಸುತ್ತದೆ ಎಂದು ಅಮ್ಮ ಅಣಕಿಸುತ್ತಾಳೆ. ಶನಿವಾರ ಅವಳು ಅಳತೆಗೆ ಹೊರಟ ಮೇಲೆ ನಾನು ಬಾಲ್ಕನಿಗೆ ಹೋದೆ. ಅಪ್ಪ ಸ್ಟೂಲಿನ ಮೇಲೆ ಕೂತು ಸ್ಕ್ರೂಗಳನ್ನು ಅಳತೆಗೆ ತಕ್ಕಂತೆ ಬೇರೆ ಮಾಡುತ್ತಿದ್ದರು. ನನ್ನನ್ನು ಕಂಡು, "ರಜಾನಾ ಇವತ್ತು?" ಎಂದರು.

"ಹೂಂ. ಅಪ್ಪಾ, ಡಬ್ಬಿ ದಿನಾ ಆರುತ್ತೆ."

"ಹೌದಾ? ವೈರ್ ಲೂಸಾಗಿರ್ಬೇಕು."

ನಾನು ಬಾಗಿಲಿಗೆ ಒರಗಿದೆ. ಎದುರಿಗೆ ಟೈಲ್ಸ್ ಅಂಗಡಿಯ ಗರಗಸ ಕಿರುಚಿ ನಿಂತಿತು.

"ನೀವು ಲೂಸ್ ವೈರ್ ಬಿಟ್ಟಿದ್ದನ್ನ ನಾನು ಯಾವತ್ತೂ ನೋಡಿಲ್ಲ."

ಅಪ್ಪ ಒಂದು ಸ್ಕ್ರೂ ಎತ್ತಿ ಬೆಳಕಿಗೆ ಹಿಡಿದರು. ಅದನ್ನು ಯಾವ ಗುಂಪಿಗೆ ಹಾಕಬೇಕೆಂದು ತಿಳಿಯದವರ ಹಾಗೆ ಹಿಡಿದೇ ಇದ್ದರು.

"ಆಫೀಸಲ್ಲಿ ಎಲ್ಲರಿಗೂ ಗೊತ್ತಾಯ್ತಾ?"

"ಆರುತ್ತೆ ಅನ್ನೋದು ಗೊತ್ತು. ಯಾಕೆ ಅನ್ನೋದು ನಂಗೊಬ್ಬಳಿಗೇ."

"ಮೊದಲಿನ ಹಾಗಲ್ಲ ಪುಟ್ಟಿ. ದಿನಕ್ಕೆ ಎರಡೇ. ಅದೂ ಪೂರ್ತಿ ಸೇದಲ್ಲ."

"ಡಾಕ್ಟರು ಅರ್ಧ ಸೇದಬಹುದು ಅಂದಿದ್ರಾ?"

ನಾನು ಅಪ್ಪನನ್ನು ಹಾಗೆ ಯಾವತ್ತೂ ಕೇಳಿದವಳಲ್ಲ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅಪ್ಪನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ಕೆಲಸ ಇದ್ದಾಗ ಹೊತ್ತು ಹೋಗ್ತಿತ್ತು," ಎಂದರು. "ಈಗ ಇವಳು ಬಾಗಿಲು ಹಾಕ್ಕೊಂಡು ಹೋದ್ಲು ಅಂದ್ರೆ ಮನೆ ಪೂರಾ ಸುಮ್ಮನಾಗಿಬಿಡುತ್ತೆ. ಕೈ ತಾನಾಗೇ ಹುಡುಕುತ್ತೆ." ಕೈಯಲ್ಲಿದ್ದ ಸ್ಕ್ರೂವನ್ನು ಕೆಳಗಿಟ್ಟು, "ಅಮ್ಮಂಗೆ ಹೇಳ್ತೀಯಾ?" ಎಂದು ಕೇಳಿದರು.

ಆಸ್ಪತ್ರೆಯ ಕಾರಿಡಾರು ನೆನಪಾಯಿತು. ಅಪ್ಪನನ್ನು ಒಳಗೆ ಕರೆದೊಯ್ದ ಮೇಲೆ ನರ್ಸು ಅವರ ಬೆಲ್ಟು, ವಾಚು, ಬೂಟುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದಳು. ಅದನ್ನು ನೆಲಕ್ಕಿಡಲು ಧೈರ್ಯ ಬಾರದೆ ಬೆಳಗಿನವರೆಗೂ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ. ಅಪ್ಪನಿಗೆ ಅದನ್ನು ಹೇಳಿದೆ. ಒಂದೇ ಉಸಿರಿಗೆ, ಗೋಡೆಯನ್ನು ನೋಡುತ್ತ ಹೇಳಿದೆ.

"ಆ ಚೀಲ ಇನ್ನೊಂದ್ಸಲ ಹಿಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಅಪ್ಪ. ಅಮ್ಮಂಗೆ ನಾನು ಹೇಳಲ್ಲ, ನೀವೇ ಹೇಳಿ. ಇಲ್ಲಾ ಅಂದ್ರೆ ಪ್ಲಗ್ ಮಾತ್ರ ಕೀಳಬೇಡಿ. ಸೇದಿದ್ರೆ ಸೇದಿದ ಹಾಗೇ ಕಾಣಲಿ. ನಾನಾದ್ರೂ ನೋಡ್ತಿರ್ತೀನಿ."

"ಇದನ್ನ ಯಾರು ಬೇಕಾದ್ರೂ ನೋಡಬಹುದಲ್ವಾ?"

"ಯಾರು ಬೇಕಾದ್ರೂ."

ಕೆಳಗೆ ಗೇಟಿನ ಸದ್ದಾಯಿತು. ಅಮ್ಮ ಅಳತೆಯ ಟೇಪನ್ನು ಮರೆತು ವಾಪಸು ಬಂದಿದ್ದಳು. ನಮ್ಮಿಬ್ಬರನ್ನೂ ಬಾಲ್ಕನಿಯಲ್ಲಿ ನೋಡಿ, "ಏನು, ಇಬ್ಬರೂ ಮಾತಾಡ್ತಿದೀರಾ? ಯಾರಿಗೆ ಹುಷಾರಿಲ್ಲ?" ಎಂದಳು.

ಭಾನುವಾರ ಡಬ್ಬಿ ಎಂದಿನಂತೆ ಆರದೆ ನಡೆಯಿತು. ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ನಾನು ಬೇರೆ ಕೆಲಸವನ್ನೇ ಮಾಡಲಿಲ್ಲ. ತಿಂಡಿಯ ಹೊತ್ತು ಕಳೆಯಿತು. ಅಮ್ಮ ಹೊರಟಿರಬೇಕು ಎಂದುಕೊಂಡೆ. ಗೆರೆ ತುಂಡಾಗಲಿಲ್ಲ, ಏರಲೂ ಇಲ್ಲ. ಟೈಲ್ಸ್ ಅಂಗಡಿಯ ಧೂಳಿಗೆ ತಕ್ಕಷ್ಟು ಏರಿಳಿಯುತ್ತ ಹಳದಿಯಲ್ಲೇ ಸಾಗಿತು. "ನಿಮ್ಮಪ್ಪ ಎದ್ದಿದ್ದಾರೆ ಇವತ್ತು," ಎಂದರು ಮೇಡಂ, ಟೀವಿಯ ಮುಂದೆ ಹಾದುಹೋಗುತ್ತ.

ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದು ಕೂತೆ. ಗೆರೆ ಏರತೊಡಗಿತ್ತು. ಹಳದಿ ಹೋಗಿ ಕಿತ್ತಳೆ ಬಂತು, ಕಿತ್ತಳೆ ಹೋಗಿ ಕೆಂಪು ಬಂತು. ನಮ್ಮ ಬಡಾವಣೆ ಅಷ್ಟು ಕೆಂಪಗಾದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಅಯ್ಯೋ, ನಿಮ್ಮ ಕಡೆ ಜಾಹೀರಾತು ನಿಂತುಹೋಯ್ತು," ಎಂದ ರೇಡಿಯೊ. "ಬೆಂಕಿಗಿಂಕಿ ಬಿತ್ತಾ ಮನೇಲಿ? ಫೋನ್ ಮಾಡಿ!"

ನಾನು ಯಾರಿಗೂ ಫೋನ್ ಮಾಡುವವಳಲ್ಲ. ಮೆಟ್ಟಿಲ ಬಳಿ ಹೋಗಿ ಮಾಡಿದೆ. ಅಪ್ಪ ಕೂಡಲೇ ಎತ್ತಿದರು.

"ಅಪ್ಪಾ, ಏರಿದೆ."

"ಗೊತ್ತು. ಡಬ್ಬಿ ಪಕ್ಕದಲ್ಲೇ ಕೂತಿದೀನಿ."

"ಅಮ್ಮ ಅಳತೆಗೆ ಹೋಗಿದಾಳಾ?"

"ಇಲ್ಲ." ಅಪ್ಪನ ದನಿ ಸಣ್ಣಗಿತ್ತು. "ಹೋಗಬೇಡ, ಸ್ವಲ್ಪ ಬಾ ಇಲ್ಲಿ ಅಂತ ಕರೆದೆ. ಬಾಯಿಬಿಟ್ಟು ಹೇಳೋಣ ಅಂತಲೇ ಕರೆದದ್ದು. ಮಾತು ಬರಲಿಲ್ಲ. ಅವಳ ಎದುರಿಗೇ ಹಚ್ಚಿಬಿಟ್ಟೆ."

ಮಾತು ಬಾರದಿದ್ದರೆ ಏನಾಗುತ್ತದೆಂದು ನನಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಅಮ್ಮ ಏನಂದ್ಲು?"

ಫೋನು ಕೈ ಬದಲಾದ ಸದ್ದು ಕೇಳಿಸಿತು.

"ನಿಂಗೂ ಗೊತ್ತಿತ್ತೇನೇ?" ಅಮ್ಮ ಅತ್ತಿದ್ದಳು, ಮೂಗು ಕಟ್ಟಿತ್ತು. ಆದರೆ ದನಿ ಸಿಟ್ಟಿನದೇ.

"ಹೋದ ವಾರ ಗೊತ್ತಾಯ್ತು."

"ಊರಿಗೆಲ್ಲ ಗೊತ್ತಾದ ಮೇಲೆ ನಂಗೆ. ನಾನೊಬ್ಬಳು ದಿನಾ ಜೇಬು ತಡವಿಕೊಂಡು ಕೂತಿದ್ದೆ. ಎಲ್ಲಿಟ್ಟಿದ್ರು ಗೊತ್ತಾ? ನನ್ನ ಹೊಲಿಗೆ ಯಂತ್ರದ ಹೊಟ್ಟೆಯೊಳಗೆ! ರಿಪೇರಿ ಮಾಡಿದ್ದು ಅದಕ್ಕಂತೆ!" ಮೂಗು ಒರೆಸಿಕೊಂಡ ಸದ್ದಾಯಿತು. "ಸೇದಿ ಮುಗಿಸಿ, ಬಿಡೋಕೆ ನನ್ನೊಬ್ಬನ ಕೈಲಿ ಆಗ್ತಿಲ್ಲ ಅಂದ್ರು ಕಣೇ. ಈ ಮನುಷ್ಯ, ಯಾವತ್ತಾದ್ರೂ ಯಾವುದಾದ್ರೂ ಕೆಲಸ ನನ್ನ ಕೈಲಿ ಆಗಲ್ಲ ಅಂದಿದ್ದಿದೆಯಾ?"

"ಇಲ್ಲ ಅಮ್ಮ."

"ಡಾಕ್ಟರಿಗೆ ಫೋನ್ ಮಾಡಿದೀನಿ. ಬಿಡಿಸೋಕೆ ಮಾತ್ರೆ ಇದೆಯಂತೆ. ಎದೇನೂ ಇವತ್ತೇ ನೋಡ್ತಾರಂತೆ, ಬನ್ನಿ ಅಂದ್ರು. ಇವರನ್ನ ಕರ್ಕೊಂಡು ಹೊರಟಿದೀನಿ. ನೀನು ಬರ್ತೀಯೋ, ಇಲ್ಲಾ ಅಲ್ಲಿಂದ್ಲೇ ನೋಡ್ಕೊಂಡಿರ್ತೀಯೋ?"

"ಬರ್ತೀನಿ. ನೀವು ಹೊರಡಿ, ನಾನು ಸೀದಾ ಅಲ್ಲಿಗೇ ಬರ್ತೀನಿ."

ಒಳಗೆ ಬಂದಾಗ ಮೇಡಂ ಟೀವಿಯ ಮುಂದೆಯೇ ನಿಂತಿದ್ದರು. ಕೆಂಪು ಇನ್ನೂ ಇಳಿದಿರಲಿಲ್ಲ.

"ಇದೇನಮ್ಮಾ ಇದು? ಮತ್ತೆ ಕೆಟ್ಟಿತಾ?"

"ಇಲ್ಲ ಮೇಡಂ, ಸರಿಯಾಗಿದೆ. ಅದು ನಮ್ಮಪ್ಪನ ಸಿಗರೇಟಿನ ಹೊಗೆ." ಕೋಣೆಯಲ್ಲಿ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದ್ದೆನೆಂದು ಆಮೇಲೆ ತಿಳಿಯಿತು. "ಹಾರ್ಟ್ ಪೇಶೆಂಟ್ ಅವರು. ಈಗ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕು. ನಂಗೆ ಅರ್ಧ ದಿನ ರಜ ಬೇಕು."

ರೇಡಿಯೊ ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಮೇಡಂ ಹೋಗು ಎನ್ನುವಂತೆ ತಲೆಯಾಡಿಸಿದರು. ನಾನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆಗೆ ಓಡಿದೆ.